ಹೊಸ ಮರದ ನೆಲಕ್ಕೆ ಘಾಟಿಲ್ಲದ ಪಾಲಿಶ್ ಯಾವುದು?

ವರ್ಷದ ಬೇರೆಬೇರೆ ತಿಂಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮರದ ನೆಲದ ಪಾಲಿಶ್ ವಾಸನೆಯನ್ನು ಕುರಿತೇ ಇವೆ. ಬರೆದವರ ಊರು ಬೇರೆ, ಮನೆ ಬೇರೆ, ಮರವೂ ಬೇರೆ. ಅಳುಕು ಮಾತ್ರ ಎಲ್ಲರದೂ ಒಂದೇ. ಹಾಗಾಗಿ ಅವನ್ನೆಲ್ಲ ಒಟ್ಟಿಗೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಬನಶಂಕರಿಯಲ್ಲಿ ನಮ್ಮದೊಂದು ಫ್ಲಾಟ್ ಇದೆ. ಎರಡು ಮಲಗುವ ಕೋಣೆಗಳಿಗೆ ತೇಗದ ಹಲಗೆಯ ನೆಲ ಹಾಕಿಸಿದ್ದೇವೆ. ಪಾಲಿಶ್ ಇನ್ನೂ ಆಗಿಲ್ಲ. ಮಗಳಿಗೆ ಈಗ ಐದು ತಿಂಗಳು. ಸೀಮಂತ ಮುಗಿಸಿಕೊಂಡು ಹೆರಿಗೆಗೆ ಇಲ್ಲಿಗೇ ಬರುತ್ತಾಳೆ. ಪಾಲಿಶ್‌ನವರು "ಮೆಲಮೈನ್ ಮಾಡಿಸಿ, ಇಲ್ಲಾಂದ್ರೆ ಪಿಯು ಮಾಡಿಸಿ, ನಾಲ್ಕು ದಿನದಲ್ಲಿ ವಾಸನೆ ಹೋಗುತ್ತೆ" ಎನ್ನುತ್ತಾರೆ. ಪಕ್ಕದ ಮನೆಯ ಬಾಗಿಲಿಗೆ ಪಾಲಿಶ್ ಹೊಡೆದಾಗಲೇ ನನಗೆ ಕಣ್ಣುರಿ ಬಂದಿತ್ತು. ಮಗುವಿಗೆ ಏನಾದರೂ ಆದೀತೆಂದು ರಾತ್ರಿ ನಿದ್ದೆ ಬರುತ್ತಿಲ್ಲ.
– ಗೃಹಿಣಿ, ಬೆಂಗಳೂರು

ಉತ್ತರ: ಬಸುರಿ ಮಗಳು, ಹುಟ್ಟಲಿರುವ ಮಗು ಇಬ್ಬರೂ ಉಸಿರಾಡುವ ಗಾಳಿ ಕೆಟ್ಟೀತೇ ಎಂಬುದು ನಿಮ್ಮ ಆತಂಕ. ಅದು ಅತಿಯಾದ ಆತಂಕವೇನಲ್ಲ. ತಾಯಿಯಾದವರಿಗೆ ಬರಬೇಕಾದದ್ದೇ. ಆದರೆ ಧೈರ್ಯವಾಗಿರಿ. ಪಾಲಿಶ್ ಇನ್ನೂ ಆಗಿಲ್ಲ, ಮಗಳು ಬರುವುದಕ್ಕೆ ಸಮಯವಿದೆ, ಮತ್ತು ನಿಮಗೆ ಬೇಕಾದಂಥ ಪಾಲಿಶ್ ಬೆಂಗಳೂರಿನಲ್ಲೇ ಸಿಗುತ್ತದೆ. ಈ ಮೂರೂ ನಿಮ್ಮ ಕಡೆಗಿವೆ.

ಮೆಲಮೈನ್ ಪಾಲಿಶ್ ನಿಮ್ಮ ಮನೆಗೆ ಬೇಡ. ಅದು ಆಮ್ಲದ ಸಹಾಯದಿಂದ ಗಟ್ಟಿಯಾಗುವ ಪಾಲಿಶ್. ಗಟ್ಟಿಯಾಗುತ್ತ ಫಾರ್ಮಾಲ್ಡಿಹೈಡ್ (ಕಣ್ಣು, ಮೂಗು, ಗಂಟಲನ್ನು ಉರಿಸುವ ಅನಿಲ) ಬಿಡುತ್ತದೆ. ಹೊಡೆದು ಮುಗಿಸಿದ ಮೇಲೂ ಕೆಲವು ವಾರ ಸ್ವಲ್ಪಸ್ವಲ್ಪವಾಗಿ ಬಿಡುತ್ತಲೇ ಇರುತ್ತದೆ. ಪಕ್ಕದ ಮನೆಯ ಪಾಲಿಶ್‌ನಿಂದ ನಿಮಗೆ ಕಣ್ಣುರಿ ಬಂದದ್ದು ಇದರಿಂದಲೂ ಇರಬಹುದು, ಥಿನ್ನರ್‌ನಿಂದಲೂ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. ಹಾಗೆಂದು ಒಂದು ಬಾಗಿಲಿನ ಪಾಲಿಶ್‌ನಿಂದ ನಿಮಗೇನೋ ಆಗಿಬಿಟ್ಟಿದೆ ಎಂದು ಹೆದರಬೇಡಿ. ವರ್ಷಗಟ್ಟಲೆ, ದಿನವಿಡೀ ಅದರ ಮಧ್ಯೆಯೇ ದುಡಿಯುವವರ ವಿಚಾರ ಬೇರೆ. ಬೇರೆ ದಾರಿ ಇರುವಾಗ ಇದನ್ನು ಮನೆಯೊಳಕ್ಕೆ ತರುವುದು ಬೇಡ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಪಿಯು (ಪಾಲಿಯುರೆಥೇನ್, ಪ್ಲಾಸ್ಟಿಕ್‌ನಂತೆ ಗಟ್ಟಿ ಪೊರೆ ಕಟ್ಟುವ ರಾಳ). ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ಪಾಲಿಶ್‌ನವರು ಸುಮ್ಮನೆ "ಪಿಯು" ಎಂದರೆ ಹೆಚ್ಚಾಗಿ ಥಿನ್ನರ್ ಬೆರೆಸಿ, ಇನ್ನೊಂದು ಡಬ್ಬದ ಹಾರ್ಡನರ್ ಸೇರಿಸಿ ಹೊಡೆಯುವ ಪಿಯು ಎಂದೇ ಅರ್ಥ. ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ (ಕೆಲವರಲ್ಲಿ ಉಬ್ಬಸ ಹುಟ್ಟಿಸಬಲ್ಲ ರಾಸಾಯನಿಕ) ಇರುತ್ತದೆ. ನಿಮಗೆ ಬೇಕಾದದ್ದು ವಾಟರ್ ಬೇಸ್ಡ್ ಪಿಯು, ಅಂದರೆ ಥಿನ್ನರ್ ಬದಲು ನೀರಿನಲ್ಲಿ ಕಲೆಸಿರುವಂಥದ್ದು. ಅದರಲ್ಲೂ ಹಾರ್ಡನರ್ ಬೇಡದ ಒಂದೇ ಡಬ್ಬದ್ದು, ಮರದ ನೆಲಕ್ಕೆಂದೇ ತಯಾರಿಸಿದ್ದು. ಪೀಠೋಪಕರಣಕ್ಕೆ ಹಚ್ಚುವ ಪಾಲಿಶ್ ಕಾಲ್ತುಳಿತಕ್ಕೆ ಬಾಳುವುದಿಲ್ಲ.

ಡಬ್ಬದ ಮೇಲೆ ವಿಒಸಿ (ಗಾಳಿಗೆ ಆವಿಯಾಗಿ ಏಳುವ ಇಂಗಾಲಯುಕ್ತ ರಾಸಾಯನಿಕಗಳು) ಎಷ್ಟು ಎಂದು ನೋಡಿ. ಥಿನ್ನರ್ ಅಥವಾ ಟರ್ಪೆಂಟೈನ್ ಬೆರೆತ ಪಿಯುಗಳಲ್ಲಿ ಒಂದು ಲೀಟರ್‌ಗೆ 350ರಿಂದ 450 ಗ್ರಾಂ ವಿಒಸಿ ಇರುವುದು ಸಾಮಾನ್ಯ. ನೀರಿನದರಲ್ಲಿ 275ಕ್ಕಿಂತ ಕಡಿಮೆ ಇರುತ್ತದೆ, 150ರೊಳಗಿನವೂ ಸಿಗುತ್ತವೆ. ಡಬ್ಬದ ಮೇಲೆ ಅಂಕಿ ಇಲ್ಲದಿದ್ದರೆ ಅಂಗಡಿಯವರಲ್ಲಿ ಟಿಡಿಎಸ್ (ಕಂಪನಿಯೇ ಕೊಡುವ ತಾಂತ್ರಿಕ ವಿವರಪತ್ರ) ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ದುಡ್ಡು ಕೊಡುತ್ತಿರುವವರು ನೀವು.

ಎಷ್ಟೋ ಮನೆಗಳಲ್ಲಿ ಎಡವುವುದು ಇದಾದ ಮೇಲೆ. ಮೇಲಿನ ಕೋಟ್ ನೀರಿನ ಪಿಯು ಇರುತ್ತದೆ, ಅದರ ಅಡಿಗೆ ಮಾತ್ರ ರೂಢಿಯಂತೆ ಎನ್‌ಸಿ ಸ್ಯಾಂಡಿಂಗ್ ಸೀಲರ್ (ಮರದ ರಂಧ್ರ ಮುಚ್ಚಲು ಥಿನ್ನರ್‌ನಲ್ಲಿ ಕರಗಿಸಿದ ಅಡಿಲೇಪ) ಹೊಡೆದಿರುತ್ತಾರೆ. ದುಬಾರಿ ಡಬ್ಬ ತಂದರೂ ಘಾಟು ಹೋಗಲಿಲ್ಲ ಎಂದು ಮನೆಯವರು ಕೊರಗುತ್ತಾರೆ. ಆದ್ದರಿಂದ ಮರದ ಬಣ್ಣ, ಬಿರುಕಿಗೆ ತುಂಬುವ ಫಿಲ್ಲರ್, ಸೀಲರ್, ಮೇಲಿನ ಕೋಟ್ ಎಲ್ಲವೂ ನೀರಿನವೇ ಇರಲಿ. ಕೆಲಸ ಶುರುವಾಗುವ ದಿನ ಒಳಗೆ ಬರುವ ಪ್ರತಿ ಡಬ್ಬವನ್ನೂ ನೀವೇ ನೋಡಿ ಒಳಗೆ ಬಿಡಿ.

ತೇಗ ಎಣ್ಣೆಯಂಶದ ಮರ. ಆ ಎಣ್ಣೆ ಪಾಲಿಶ್ ಹಿಡಿಯದಂತೆ, ಬೇಗ ಒಣಗದಂತೆ ತಡೆಯುತ್ತದೆ. ಅದಕ್ಕೇ ಸ್ಯಾಂಡ್ ಪೇಪರ್ ಹಾಕಿ ಧೂಳು ತೆಗೆದ ಕೂಡಲೇ ಅಸಿಟೋನ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಅದು ಹಾರಿಹೋದ ಮೇಲೆ ಮೊದಲ ಕೋಟ್ ಹೊಡೆಯುತ್ತಾರೆ. ಅಸಿಟೋನ್ ವಾಸನೆ ಜೋರಾಗಿದ್ದರೂ ನಿಲ್ಲುವಂಥದ್ದಲ್ಲ, ಕಿಟಕಿ ತೆರೆದಿದ್ದರೆ ಬೇಗ ಹೋಗುತ್ತದೆ. ಆದರೆ ಅದು ತಟ್ಟನೆ ಬೆಂಕಿ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಒಲೆ, ದೇವರ ದೀಪ, ಬೀಡಿ ಯಾವುದೂ ಹತ್ತಿರವಿರಬಾರದು.

ಒಣಗುವುದು, ಕ್ಯೂರ್ ಆಗುವುದು ಎರಡೂ ಒಂದೇ ಅಲ್ಲ ಎಂಬುದನ್ನು ಗಮನದಲ್ಲಿಡಿ. ಮನೆ ಕಟ್ಟಿಸಿದವರಿಗೆ ಇದು ಗೊತ್ತಿರುವ ಸಂಗತಿಯೇ. ಆರ್‌ಸಿಸಿ ಮರುದಿನವೇ ಕೈಗೆ ಗಟ್ಟಿ ಸಿಕ್ಕರೂ ಬಲ ಬರುವುದಕ್ಕೆ ವಾರಗಳು ಬೇಕು. ನೀರಿನ ಪಿಯು ಕೂಡ ಎರಡು-ಮೂರು ಗಂಟೆಯಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ, ಒಳಗಿನಿಂದ ಪೂರ್ತಿ ಗಟ್ಟಿಯಾಗಲು ಒಂದರಿಂದ ಎರಡು ವಾರ ಬೇಕು. ಥಿನ್ನರ್ ಅಥವಾ ಎಣ್ಣೆಯಂಶದ ಪಿಯುಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ವಾಸನೆ ಏಳುವುದೆಲ್ಲ ಈ ಅವಧಿಯಲ್ಲೇ. ಪೂರ್ತಿ ಕ್ಯೂರ್ ಆದ ಮೇಲೆ ಆ ಪೊರೆ ಸುಮ್ಮನೆ ಬಿದ್ದಿರುತ್ತದೆ, ಕೂಸು ಅದರ ಮೇಲೆ ಅಂಬೆಗಾಲಿಕ್ಕಿದರೂ ಭಯವಿಲ್ಲ.

ಹಾಗಾದರೆ ಲೆಕ್ಕ ಹೀಗಿರಲಿ. ಮಗಳು ಬರುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಕೊನೆಯ ಕೋಟ್ ಮುಗಿಯಬೇಕು. ಮೂರು ಕೋಟ್ ಸಾಕು, ತುಂಬ ಓಡಾಡುವ ಕಡೆ ನಾಲ್ಕು. ಕೋಟ್ ಹಸಿಯಾಗಿರುವಾಗ ಸೀಲಿಂಗ್ ಫ್ಯಾನ್ ಹಾಕಬೇಡಿ, ಧೂಳು ಕೂರುತ್ತದೆ, ಗುಳ್ಳೆ ಏಳುತ್ತದೆ. ಒಣಗಿದ ಮೇಲೆ ಎದುರುಬದುರಿನ ಕಿಟಕಿ ತೆರೆದು, ಒಂದು ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಟ್ಟು ಒಳಗಿನ ಗಾಳಿಯನ್ನು ಆಚೆ ತಳ್ಳಿ. ಸ್ಪ್ಲಿಟ್ ಎಸಿ ಹಾಕಿದರೆ ಪ್ರಯೋಜನವಿಲ್ಲ. ಅದು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ. 24 ಗಂಟೆಯ ಮೇಲೆ ಕಾಲುಚೀಲ ಹಾಕಿ ನಡೆಯಬಹುದು, ಮಂಚ-ಬೀರುಗಳನ್ನು ಮೂರು ದಿನದ ಮೇಲೆ ಎತ್ತಿ ಇಡಬಹುದು, ಎಳೆಯಬಾರದು. ಜಮಖಾನ, ಕಾರ್ಪೆಟ್‌ಗಳನ್ನು ಎರಡು ವಾರ ಹಾಸಬೇಡಿ, ಅಡಿಯಲ್ಲಿ ವಾಸನೆ ಸಿಕ್ಕಿಕೊಳ್ಳುತ್ತದೆ.

ಇಷ್ಟು ಓದಿದ ಮೇಲೂ ಮನಸ್ಸು ಒಪ್ಪದಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಉಳಿದ ತೇಗದ ತುಂಡೊಂದಕ್ಕೆ, ನೆಲಕ್ಕೆ ಹೊಡೆಯಲಿರುವ ಸೀಲರ್ ಮತ್ತು ಪಿಯುವನ್ನೇ, ಅಷ್ಟೇ ಕೋಟ್ ಹೊಡೆಸಿ. ಎರಡು ವಾರ ಗಾಳಿಯಲ್ಲಿಡಿ. ಆಮೇಲೆ ಒಗ್ಗರಣೆ ವಾಸನೆ ಹಿಡಿಯದ, ಚೆನ್ನಾಗಿ ತೊಳೆದು ಒಣಗಿಸಿದ ಸ್ಟೀಲ್ ಡಬ್ಬದಲ್ಲಿ ಆ ತುಂಡನ್ನಿಟ್ಟು ಮುಚ್ಚಳ ಹಾಕಿ. ಬೆಳಗ್ಗೆ ಕಾಫಿಗೆ ಮೊದಲು ಮುಚ್ಚಳ ತೆಗೆದು ಮೂಸಿ. ಬರೀ ಮರದ ವಾಸನೆ ಬಂದರೆ ಆ ಡಬ್ಬ ನಿಮ್ಮ ಮನೆಗೆ ಸರಿ. ಘಾಟು ಮೂಗಿಗೆ ಬಡಿದರೆ ಬೇರೆ ಕಂಪನಿಯದನ್ನು ನೋಡಿ. ಒಂದು ಸಣ್ಣ ಡಬ್ಬದ ಖರ್ಚಿನಲ್ಲಿ ಎರಡು ಕೋಣೆ ಉಳಿಯುತ್ತವೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹೊಸದಾಗಿ ಕೊಂಡ ಮನೆಗೆ ರೆಡ್ ಓಕ್ ನೆಲ ಹಾಕಿಸಿದ್ದೇವೆ. ಈಗ ಜನವರಿ, ಕಿಟಕಿ ತೆರೆಯುವಂತಿಲ್ಲ. ಕಂಟ್ರಾಕ್ಟರ್ ಆಯಿಲ್ ಬೇಸ್ಡ್ ಪಾಲಿಯುರೆಥೇನ್ ಹೆಚ್ಚು ಬಾಳುತ್ತದೆ ಎನ್ನುತ್ತಾನೆ. ನಾಲ್ಕು ಮತ್ತು ಏಳು ವರ್ಷದ ಮಕ್ಕಳಿದ್ದಾರೆ. ಬಾಡಿಗೆ ಮನೆ ಬಿಡುವ ದಿನವೂ ಹತ್ತಿರವಿದೆ.
– ಓದುಗರು, ನ್ಯೂಜೆರ್ಸಿ

ಉತ್ತರ: ಚಳಿಗೆ ಮನೆ ಮುಚ್ಚಿರಬೇಕು, ವಾಸನೆಗೆ ಮನೆ ತೆರೆದಿರಬೇಕು. ಈ ಎರಡರ ನಡುವೆ ಸಿಕ್ಕಿಕೊಂಡಿದ್ದೀರಿ. ಇಕ್ಕಟ್ಟು ನಿಜ, ಆದರೆ ದಾರಿಯಿದೆ.

ನಿಮ್ಮ ಕಂಟ್ರಾಕ್ಟರ್ ಹೇಳುವುದು ಹಳೆಯ ಕಾಲಕ್ಕೆ ಸರಿ. ಈಗ ನೀರಿನ ಪಿಯುಗಳು, ಅದರಲ್ಲೂ ಅಂಗಡಿ, ಶಾಲೆ, ಆಟದ ಅಂಗಳಗಳಿಗೆಂದು ಮಾಡುವ ಎರಡು ಡಬ್ಬದ ಬಗೆ, ಬಾಳಿಕೆಯಲ್ಲಿ ಎಣ್ಣೆಯದಕ್ಕೆ ಹಿಂದೆ ಬೀಳುವುದಿಲ್ಲ. ವ್ಯತ್ಯಾಸ ಕಾಣುವುದು ಬಣ್ಣದಲ್ಲಿ. ಎಣ್ಣೆಯದು ಓಕ್‌ಗೆ ಜೇನಿನ ಬಣ್ಣ ಕೊಡುತ್ತದೆ, ವರ್ಷ ಕಳೆದಂತೆ ಇನ್ನಷ್ಟು ಹಳದಿಯಾಗುತ್ತದೆ. ನೀರಿನದು ಮರವನ್ನು ತಿಳಿಯಾಗಿಯೇ ಉಳಿಸುತ್ತದೆ. ಆ ಬೆಚ್ಚನೆಯ ಬಣ್ಣವೇ ಬೇಕೆಂದರೆ ನೀರಿನ ಪಿಯು ಅಡಿಗೆ ಬಣ್ಣ ಕೊಡುವ ನೀರಿನ ಸೀಲರ್ ಸಿಗುತ್ತದೆ.

ಚಳಿಗಾಲದಲ್ಲಿ, ಮುಚ್ಚಿದ ಮನೆಯಲ್ಲಿ ಎಣ್ಣೆಯ ಪಿಯು ಬೇಡವೆನ್ನಲು ವಾಸನೆಗಿಂತ ದೊಡ್ಡ ಕಾರಣ ಬೆಂಕಿ. ಅದರ ಆವಿ ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡು ಹರಿದು ಬೇಸ್‌ಮೆಂಟ್‌ಗೆ ಇಳಿಯುತ್ತದೆ. ಅಲ್ಲಿ ಗ್ಯಾಸ್ ಹೀಟರ್, ನೀರು ಕಾಯಿಸುವ ಟ್ಯಾಂಕ್‌ಗಳಲ್ಲಿ ಜ್ವಾಲೆ ಇರುತ್ತದೆ. ಕಂಟ್ರಾಕ್ಟರ್‌ಗೆ ಇದನ್ನು ನೇರವಾಗಿಯೇ ಕೇಳಿ. ಸರಿಯಾದವರು ಸಿಟ್ಟಾಗುವುದಿಲ್ಲ.

ಎರಡು ಡಬ್ಬದ ನೀರಿನ ಪಿಯುವಿನಲ್ಲೂ ಸಾಮಾನ್ಯವಾಗಿ ಐಸೊಸಯನೇಟ್ ಹಾರ್ಡನರ್ ಇರುತ್ತದೆ. ಹೊಡೆಯುವಾಗಲೂ ಮುಂದಿನ ಕೆಲವು ದಿನವೂ ಮನೆ ಖಾಲಿಯಿರಲಿ. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಒಂದೇ ಡಬ್ಬದ್ದನ್ನು ಆರಿಸಿ. ಹೀಟಿಂಗ್ ನಾಳದ ಗಾಳಿ ಒಳಸೆಳೆಯುವ ಬಾಯಿಗಳಿಗೆ ಆ ಕೋಣೆಗಳಲ್ಲಿ ಪ್ಲಾಸ್ಟಿಕ್ ಮುಚ್ಚಿಸಿ, ಇಲ್ಲದಿದ್ದರೆ ಕೆಳಗಿನ ಹಾಲ್‌ನ ವಾಸನೆ ಮೇಲಿನ ಮಕ್ಕಳ ಕೋಣೆಗೆ ತಲುಪುತ್ತದೆ. ಕೋಟ್ ಒಣಗಿದ ಮೇಲೆ ದಿನಕ್ಕೆ ಎರಡು-ಮೂರು ಸಲ ಹತ್ತು ನಿಮಿಷ ಕಿಟಕಿಗಳನ್ನೆಲ್ಲ ಅಗಲ ತೆರೆದು ಗಾಳಿ ಬದಲಾಯಿಸಿ, ಮತ್ತೆ ಮುಚ್ಚಿ ಬೆಚ್ಚಗೆ ಮಾಡಿ. ಇಡೀ ದಿನ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡುವುದಕ್ಕಿಂತ ಇದು ಮೇಲು. ಬೆಚ್ಚಗಿದ್ದಷ್ಟೂ ಪಾಲಿಶ್ ಬೇಗ ಕ್ಯೂರ್ ಆಗುತ್ತದೆ.

ಬಾಡಿಗೆ ಮನೆಯವರು ಒಪ್ಪಿದರೆ ಎರಡು ವಾರ ಅಲ್ಲೇ ಉಳಿದುಬಿಡಿ. ಆ ಎರಡು ವಾರದ ಬಾಡಿಗೆ ದಂಡವಲ್ಲ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದ ಮನೆಯ ಮಹಡಿಗೆ ಮತ್ತಿ ಮತ್ತು ಹೊನ್ನೆ ಹಲಗೆ ಹಾಸಿದ್ದೇವೆ. ರಾಸಾಯನಿಕ ಬೇಡವೆಂದು ಜುಲೈನಲ್ಲಿ ಅಗಸೆ ಎಣ್ಣೆ ಎರಡು ಸಲ ಹಚ್ಚಿಸಿದೆವು. ತಿಂಗಳಾದರೂ ಕಾಲಿಗೆ ಅಂಟುತ್ತದೆ, ಕಮಟು ವಾಸನೆ ಹೋಗಿಲ್ಲ. ಮರ ಕೆಟ್ಟುಹೋಯಿತೇ?
– ತೋಟದ ಮಾಲೀಕರು, ಹಾಸನ ಜಿಲ್ಲೆ

ಉತ್ತರ: ಮರಕ್ಕೆ ಏನೂ ಆಗಿಲ್ಲ. ಹೊನ್ನೆ, ಮತ್ತಿ ಎರಡೂ ಗಟ್ಟಿ ಜಾತಿಯವು, ಇಷ್ಟಕ್ಕೆಲ್ಲ ಕೆಡುವುದಿಲ್ಲ. ಎಣ್ಣೆಯ ಆಯ್ಕೆಯೂ ತಪ್ಪಲ್ಲ. ತಪ್ಪಿದ್ದು ತಿಂಗಳು.

ಅಗಸೆ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು, ಅದರೊಡನೆ ಬೆರೆತು ಗಟ್ಟಿಯಾಗುತ್ತದೆ. ಹಾಗೆ ಬೆರೆಯುವಾಗಲೇ ನೀವು ಹೇಳುವ ಕಮಟು ವಾಸನೆ ಹುಟ್ಟುವುದು. ತಂಪು, ತೇವ, ಮುಚ್ಚಿದ ಕಿಟಕಿ ಮೂರೂ ಸೇರಿದರೆ ಈ ಕೆಲಸ ತೆವಳುತ್ತದೆ. ಮಲೆನಾಡಿನ ಆಷಾಢದಲ್ಲಿ ಒಗೆದ ಬಟ್ಟೆಯೇ ಒಣಗದಿರುವಾಗ ಎಣ್ಣೆ ಹೇಗೆ ಕೂತೀತು? ಜತೆಗೆ ಮರ ಕುಡಿಯದೆ ಬಿಟ್ಟ ಎಣ್ಣೆಯನ್ನು ಹದಿನೈದು-ಇಪ್ಪತ್ತು ನಿಮಿಷದೊಳಗೆ ಒರೆಸಿ ತೆಗೆಯಬೇಕು. ಅದನ್ನು ಮೇಲೆಯೇ ಬಿಟ್ಟಿರುವ ಹಾಗಿದೆ, ಅಂಟುತ್ತಿರುವುದು ಅದೇ.

ಈಗ ಮಾಡಬೇಕಾದದ್ದು: ಮಳೆ ಬಿಡುವು ಕೊಟ್ಟ ದಿನ ಕಿಟಕಿಗಳನ್ನು ತೆರೆದು, ಮಿನರಲ್ ಟರ್ಪೆಂಟೈನ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಜಿಗುಟನ್ನು ಒರೆಸಿ. ಬಟ್ಟೆ ಕಂದಾದ ಕೂಡಲೇ ಬದಲಿಸಿ. ಆಮೇಲೆ ನೆಲವನ್ನು ಹಾಗೇ ಬಿಡಿ. ಮುಂದಿನ ಕೈ ಹಚ್ಚುವುದು ಡಿಸೆಂಬರ್ ಕಳೆದ ಮೇಲೆ, ಬಿಸಿಲು ಕಾದು ಗಾಳಿ ಒಣಗಿದಾಗ. ಆಗ ಅಂಗೈಗೆ ತಾಗಿಯೂ ತಾಗದಷ್ಟು ತೆಳುವಾಗಿ ಹಚ್ಚಿಸಿ. ಅಂಗಡಿಯಲ್ಲಿ 'ಬಾಯ್ಲ್ಡ್' ಎಂದು ಕೊಡುವ ಅಗಸೆ ಎಣ್ಣೆ ಬೇಗ ಒಣಗುತ್ತದೆ ನಿಜ, ಆದರೆ ಅದರ ವೇಗಕ್ಕೆ ಕಾರಣ ಸಾಮಾನ್ಯವಾಗಿ ಬೆರೆಸಿದ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಅಂಶಗಳು. ರಾಸಾಯನಿಕವೇ ಬೇಡವೆನ್ನುವ ನಿಮಗೆ ಇದು ತಿಳಿದಿರಲಿ. ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆಗಳ ಕಡೆ ಮಾತ್ರ ಹೋಗಬೇಡಿ. ಅವು ಎಂದೂ ಒಣಗುವ ಜಾತಿಯವಲ್ಲ.

ಈಗ ಹೇಳುವುದನ್ನು ದಯವಿಟ್ಟು ಮನೆಯವರಿಗೂ ಆಳುಗಳಿಗೂ ಓದಿ ಹೇಳಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ನೆಲದ ಮೇಲೆ ಆ ಶಾಖ ಹರಡಿಹೋಗುತ್ತದೆ, ಬಟ್ಟೆಯ ಮುದ್ದೆಯೊಳಗೆ ಸೇರಿಕೊಳ್ಳುತ್ತದೆ. ಕಡ್ಡಿ ಗೀರದೆಯೇ, ಕೆಲವು ಗಂಟೆಗಳಲ್ಲಿ, ತಾನಾಗಿ ಬೆಂಕಿ ಏಳುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿ 23ರಂದು 38 ಮಹಡಿಯ ಕಟ್ಟಡವೊಂದು ಹೊತ್ತಿ ಉರಿದದ್ದು ಮರದ ಕೆಲಸದವರು 22ನೇ ಮಹಡಿಯಲ್ಲಿ ಬಿಟ್ಟುಹೋಗಿದ್ದ ಇಂಥ ಎಣ್ಣೆಬಟ್ಟೆಗಳಿಂದ. ಬೆಂಕಿ ಆರಿಸಲು ಹೋದ ಮೂವರು ಅಗ್ನಿಶಾಮಕ ಸಿಬ್ಬಂದಿ ತೀರಿಹೋದರು. ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಹೊರಗೆ ಕಲ್ಲಿನ ಮೇಲೆ ಹರವಿ ಗಟ್ಟಿಯಾಗುವವರೆಗೆ ಒಣಗಿಸಿ, ಇಲ್ಲವೇ ನೀರು ತುಂಬಿದ ಹಳೆಯ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ. ಕಾಫಿ ಗೋಣಿಚೀಲ ಪೇರಿಸಿದ ಕಡೆಯಂತೂ ಬೇಡವೇ ಬೇಡ.

ಪ್ರಶ್ನೆ: ನಮ್ಮೂರಿನ ಗೊಂಬೆಗಳಿಗೆ ಅರಗು ಹಾಕುತ್ತಾರೆ, ಮಕ್ಕಳು ಬಾಯಿಗಿಟ್ಟರೂ ಚಿಂತೆಯಿಲ್ಲ ಎನ್ನುತ್ತಾರೆ. ಅದೇ ಅರಗನ್ನು ಮರದ ನೆಲಕ್ಕೆ ಹಾಕಿಸಬಹುದೇ?
– ಶಿಕ್ಷಕರು, ಚನ್ನಪಟ್ಟಣ

ಉತ್ತರ: ಗೊಂಬೆಗೆ ಹಾಕುವ ರೀತಿಯಲ್ಲಿ ಆಗುವುದಿಲ್ಲ. ಅಲ್ಲಿ ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ನೆಲವನ್ನು ತಿರುಗಿಸಲು ಬರುವುದಿಲ್ಲವಲ್ಲ. ಆದರೆ ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದರೆ ಸ್ಪಿರಿಟ್ ಪಾಲಿಶ್ ಆಗುತ್ತದೆ, ನಮ್ಮ ಅಜ್ಜಂದಿರ ಕಾಲದ ಮೇಜು-ಕುರ್ಚಿಗಳಿಗೆ ಹಾಕುತ್ತಿದ್ದದ್ದು ಇದೇ. ಹಚ್ಚುವಾಗ ಸ್ಪಿರಿಟ್ ವಾಸನೆ ಜೋರು, ಕೆಲವೇ ಗಂಟೆಗಳಲ್ಲಿ ಮಾಯ. ಉಳಿಯುವ ಅರಗಿನ ಪೊರೆ ನಿರಪಾಯದ್ದು, ಮಾತ್ರೆಗಳ ಹೊದಿಕೆಗೂ ಶುದ್ಧ ಅರಗನ್ನು ಬಳಸುತ್ತಾರೆ.

ತೊಂದರೆ ನೀರಿನದು. ಒದ್ದೆ ಕಾಲು, ಬಿಸಿ ಲೋಟ, ಒರೆಸುವ ಬಟ್ಟೆ ತಾಗಿದ ಕಡೆ ಬಿಳಿ ಕಲೆ ಏಳುತ್ತದೆ. ದೇವರ ಕೋಣೆ, ಓದುವ ಕೋಣೆಯಂಥ ಕಡೆ ಸರಿ. ಉಳಿದೆಡೆ ಮೇಣ ತೆಗೆದ ಅರಗನ್ನು ಅಡಿಗೆ ಒಂದು ಕೋಟ್ ಹಚ್ಚಿ, ಅದರ ಮೇಲೆ ನೀರಿನ ಪಿಯು ಹೊಡೆಸಿ. ಮೇಣ ತೆಗೆಯದ ಅರಗಿನ ಮೇಲೆ ಪಿಯು ಹಿಡಿಯದೆ ಎದ್ದುಬರುತ್ತದೆ.

ಪ್ರಶ್ನೆ: ತಂದೆಯವರಿಗೆ 74 ವರ್ಷ, ಉಬ್ಬಸವಿದೆ. ಅವರ ಕೋಣೆಗೆ ಮರದ ನೆಲ ಹಾಕಿಸಬೇಕೆಂದಿದ್ದೇವೆ. 'ನೈಸರ್ಗಿಕ', 'ಸೊನ್ನೆ ವಿಒಸಿ' ಎಂದು ಬರೆದ ಡಬ್ಬ ತಂದರೆ ಸಾಕೇ? ನಮ್ಮಲ್ಲಿ ಗೆದ್ದಲಿಗೆ ಗೇರು ಎಣ್ಣೆ ಹಚ್ಚುವ ರೂಢಿಯೂ ಇದೆ.
– ಓದುಗರು, ಮಂಗಳೂರು

ಉತ್ತರ: ಉಬ್ಬಸವಿರುವವರ ಮನೆಯಲ್ಲಿ ವಾಸನೆ ಬರೀ ಕಿರಿಕಿರಿಯಲ್ಲ, ಒಂದು ಬಗೆಯ ಅಪಾಯ. ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಹಲಗೆ ಇನ್ನೂ ಹಾಕಿಲ್ಲವೆಂದರೆ ನಿಮ್ಮ ಕೆಲಸ ಎಲ್ಲರಿಗಿಂತ ಹಗುರ. ಕಾರ್ಖಾನೆಯಲ್ಲೇ ಪಾಲಿಶ್ ಆಗಿ ಬರುವ ಹಲಗೆ ಕೊಳ್ಳಿ. ಅದರ ಪೊರೆಯನ್ನು ಅಲ್ಲೇ ಅತಿನೇರಳೆ ಬೆಳಕಿನಡಿ ಕ್ಷಣಗಳಲ್ಲಿ ಗಟ್ಟಿ ಮಾಡಿರುತ್ತಾರೆ, ಮನೆಗೆ ಬರುವಾಗ ಹೇಳಿಕೊಳ್ಳುವಂಥ ವಾಸನೆ ಉಳಿದಿರುವುದಿಲ್ಲ. ಅಂಟಿನ ಬದಲು ಒಂದಕ್ಕೊಂದು ಸಿಕ್ಕಿಸಿ ಕೂರಿಸುವ ಬಗೆಯದಾದರೆ ಅಂಟಿನ ಘಾಟೂ ಇಲ್ಲ. ನಿಮ್ಮ ಸ್ಥಿತಿಯಲ್ಲಿ ನಾನು ಬೇರೆ ಯಾವುದನ್ನೂ ಸೂಚಿಸಲಾರೆ.

'ನೈಸರ್ಗಿಕ' ಎಂಬ ಬರಹವನ್ನು ನಂಬಿ ಕೂರಬೇಡಿ. ಪೈನ್ ಮರದಿಂದ ಇಳಿಸುವ ಟರ್ಪೆಂಟೈನೂ ನೈಸರ್ಗಿಕವೇ, ಕಿತ್ತಳೆ ಸಿಪ್ಪೆಯ ಎಣ್ಣೆಯೂ ನೈಸರ್ಗಿಕವೇ. ಎರಡೂ ಗಾಳಿಗೇರಿ ಶ್ವಾಸನಾಳವನ್ನು ಕೆರಳಿಸಬಲ್ಲವು. 'ಸೊನ್ನೆ ವಿಒಸಿ' ಎಂಬುದೂ ಪೂರ್ತಿ ಭರವಸೆಯಲ್ಲ. ಕೆಲವು ದೇಶಗಳ ನಿಯಮದಲ್ಲಿ ಅಸಿಟೋನ್‌ನಂಥ ಕೆಲವನ್ನು ಆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂಗಿಗೆ ವಾಸನೆ ಬಾರದಿರುವುದು, ಗಾಳಿಯಲ್ಲಿ ಏನೂ ಇಲ್ಲದಿರುವುದು ಎರಡೂ ಬೇರೆಬೇರೆ. ಗ್ರೀನ್‌ಗಾರ್ಡ್‌ನಂಥ ಪ್ರಮಾಣಪತ್ರವಿದ್ದರೆ ಮೇಲು. ಅಲ್ಲಿ ವಸ್ತುವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅದು ಗಾಳಿಗೆ ಬಿಡುವುದನ್ನೇ ಅಳೆದಿರುತ್ತಾರೆ.

ಗೇರು ಎಣ್ಣೆ ಗೆದ್ದಲಿಗೆ ಒಳ್ಳೆಯದೇ, ಹಿರಿಯರು ಸುಮ್ಮನೆ ಹಚ್ಚುತ್ತಿರಲಿಲ್ಲ. ಆದರೆ ಗೇರು ಸುಟ್ಟವರಿಗೆ ಗೊತ್ತು, ಅದರ ಸೊನೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಹೊರಗಿನ ಕಂಬ, ಮಾಡಿನ ಪಕಾಸಿಗೆ ಇರಲಿ. ಅಪ್ಪನವರು ಬರಿಗಾಲಲ್ಲಿ ಓಡಾಡುವ ಮಲಗುವ ಕೋಣೆಗೆ ಬೇಡ.

ಹಲಗೆ ಆಗಲೇ ಬಂದಿದೆ ಎಂದಾದರೆ ಒಂದೇ ಡಬ್ಬದ ನೀರಿನ ಪಿಯು ಹಾಕಿಸಿ. ಮರ ಉಜ್ಜುವ ದಿನದಿಂದ ಹಿಡಿದು ಕನಿಷ್ಠ ಎರಡು ವಾರ ತಂದೆಯವರನ್ನು ಬಂಧುಗಳ ಮನೆಯಲ್ಲಿರಿಸಿ. ಮರದ ಧೂಳೂ ಅವರಿಗೆ ಆಗದು. ಮಾಮೂಲಿ ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಮರಳುವ ಮುನ್ನ ಅವರ ವೈದ್ಯರಿಗೆ ಒಂದು ಮಾತು ತಿಳಿಸಿ. ಮೊದಲ ದಿನ ಹಗಲು ಮಾತ್ರ ಆ ಕೋಣೆಯಲ್ಲಿ ಕೂರಿಸಿ ನೋಡಿ, ರಾತ್ರಿ ಮಲಗುವುದು ಆಮೇಲೆ. ಮಳೆಗಾಲದಲ್ಲಂತೂ ಕರಾವಳಿಯಲ್ಲಿ ಈ ಕೆಲಸ ಹಿಡಿಯಲೇಬೇಡಿ.

ಪ್ರಶ್ನೆ: ಹಾಲ್‌ನಲ್ಲಿ ಮೀನಿನ ತೊಟ್ಟಿ, ಒಂದು ಜೊತೆ ಲವ್ ಬರ್ಡ್ಸ್ ಇವೆ. ಪಾಲಿಶ್ ಹೊತ್ತಿನಲ್ಲಿ ಬಟ್ಟೆ ಮುಚ್ಚಿದರೆ ಸಾಕೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಸಾಲದು, ಪುಟ್ಟಿ. ಹಕ್ಕಿಗಳ ಉಸಿರಾಟ ನಮಗಿಂತ ಬಹಳ ಸೂಕ್ಷ್ಮ, ನಮಗೆ ಬರೀ ಘಾಟು ಎನಿಸಿದ್ದು ಅವಕ್ಕೆ ಪ್ರಾಣಕ್ಕೇ ಬರಬಹುದು. ಎರಡು ವಾರ ಸ್ನೇಹಿತರ ಮನೆಗೆ ಕಳಿಸಿ. ಮೀನಿನ ತೊಟ್ಟಿಯ ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ. ತೊಟ್ಟಿಯನ್ನು ಸಾಗಿಸಲು ಆಗದಿದ್ದರೆ ಮೇಲೆ ಮುಚ್ಚಿ, ಪಂಪ್‌ನ ಕೊಳವೆಗೆ ಗಾಳಿ ಬಾಲ್ಕನಿಯಿಂದ ಬರುವಂತೆ ಮಾಡಿ.

ಪ್ರಶ್ನೆ: ಪಾಲಿಶ್ ಮುಗಿದು ಎರಡು ತಿಂಗಳಾಯಿತು. ಸಂಜೆ ಬಾಗಿಲು ತೆರೆದರೆ ಇನ್ನೂ ಘಾಟು. ಈರುಳ್ಳಿ ಹೆಚ್ಚಿಟ್ಟೆವು, ಕರ್ಪೂರ ಹಚ್ಚಿದೆವು, ಏರ್ ಪ್ಯೂರಿಫೈಯರ್ ತಂದೆವು. ಏನೂ ಆಗಲಿಲ್ಲ. ನೆಲ ಕೀಳಿಸಿಬಿಡಲೇ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ

ಉತ್ತರ: ಕೀಳಿಸುವ ಮಾತು ಈಗಲೇ ಬೇಡ. ಇಷ್ಟೆಲ್ಲ ಖರ್ಚು ಮಾಡಿ ಹೊಸ ಮನೆಯಲ್ಲಿ ಮೂಗು ಮುಚ್ಚಿಕೊಂಡು ಕೂರುವುದು ಎಷ್ಟು ಬೇಸರವೆಂದು ಬಲ್ಲೆ. ಆದರೆ ತಪ್ಪು ನೆಲದ್ದೇ ಎಂದು ಇನ್ನೂ ಗೊತ್ತಾಗಿಲ್ಲ.

ಮೊದಲು ವಾಸನೆಯ ಮೂಲ ಹುಡುಕಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಒಂದು ಅಡಿ ಚೌಕಕ್ಕೆ ಕತ್ತರಿಸಿ, ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಇನ್ನೊಂದನ್ನು ಹೊಸ ವಾರ್ಡ್‌ರೋಬ್‌ನ ಒಳಗೋಡೆಗೆ, ಮತ್ತೊಂದನ್ನು ಬಣ್ಣ ಬಳಿದ ಗೋಡೆಗೆ ಅಂಟಿಸಿ. ಮರುದಿನ ಅದೇ ಹೊತ್ತಿಗೆ, ಐದು ನಿಮಿಷ ಹೊರಗಡೆ ಗಾಳಿಯಲ್ಲಿ ನಿಂತು ಬಂದು, ಒಂದೊಂದಾಗಿ ಎತ್ತಿ ಮೂಸಿ. ಯಾವುದರಡಿ ಘಾಟು ಹೆಚ್ಚೋ ಅದೇ ಮೂಲ. ನೆಲವನ್ನು ಬೈಯುವ ಎಷ್ಟೋ ಮನೆಗಳಲ್ಲಿ ಅಪರಾಧಿ ಪ್ಲೈವುಡ್ ಬೀರು ಆಗಿರುತ್ತದೆ. ಅಗ್ಗದ ಪ್ಲೈನ ಪದರಗಳನ್ನು ಫಾರ್ಮಾಲ್ಡಿಹೈಡ್ ಬೆರೆತ ಅಂಟಿನಿಂದ ಕೂಡಿಸಿರುತ್ತಾರೆ, ಅದು ತಿಂಗಳುಗಟ್ಟಲೆ ಹೊರಬರುತ್ತದೆ. ಹಾಗಿದ್ದರೆ ಬೀರುವಿನ ತೆರೆದ ಅಂಚು, ಹಿಂಬದಿ, ತೂತುಗಳನ್ನು ನೀರಿನ ಸೀಲರ್‌ನಿಂದ ಮುಚ್ಚಿಸಿ, ಬಾಗಿಲು ತೆರೆದಿಡಿ.

ನೆಲವೇ ಮೂಲ ಎಂದು ಕಂಡರೆ ಉಗುರಿನಿಂದ ಮೂಲೆಯಲ್ಲಿ ಒತ್ತಿ ನೋಡಿ. ಗೆರೆ ಮೂಡಿದರೆ ಪೊರೆ ಇನ್ನೂ ಹಸಿ, ಕೋಟ್ ದಪ್ಪವಾಗಿದೆ ಅಥವಾ ಅಡಿಯ ಬಣ್ಣ ಒಣಗುವ ಮೊದಲೇ ಮೇಲೆ ಹೊಡೆದಿದ್ದಾರೆ. ಆಗ ಬೇಕಾದದ್ದು ಬಿಸಿ ಮತ್ತು ಗಾಳಿ. ನಿಮ್ಮೂರಿನ ಒಣ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಮಧ್ಯಾಹ್ನ ಕಿಟಕಿ ಮುಚ್ಚಿ ಕೋಣೆ ಕಾಯಲು ಬಿಡಿ, ಸಂಜೆ ಎಲ್ಲ ತೆರೆದು ಫ್ಯಾನ್‌ನಿಂದ ಆಚೆ ತಳ್ಳಿ. ಹತ್ತು-ಹದಿನೈದು ದಿನ ಹೀಗೆ ಮಾಡಿ ನೋಡಿ.

ಈರುಳ್ಳಿ, ಕರ್ಪೂರ, ಊದುಬತ್ತಿ ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತವೆ, ಅಷ್ಟೇ. ಹೊಗೆಯ ಕಣ ಬೇರೆ ಸೇರುತ್ತದೆ. ನಿಮ್ಮ ಪ್ಯೂರಿಫೈಯರ್‌ನಲ್ಲಿ ಹೆಪಾ ಫಿಲ್ಟರ್ ಮಾತ್ರ ಇದ್ದರೆ ಅದು ಧೂಳು ಹಿಡಿಯುತ್ತದೆ, ಆವಿ ಅದರಲ್ಲಿ ನಿಲ್ಲದೆ ಹಾಯ್ದುಹೋಗುತ್ತದೆ. ಸಕ್ರಿಯ ಇದ್ದಿಲು (ಆವಿಯನ್ನು ಹೀರಿಕೊಳ್ಳುವಂತೆ ಹದಗೊಳಿಸಿದ ಇದ್ದಿಲು) ದಪ್ಪವಾಗಿ ತುಂಬಿದ ಫಿಲ್ಟರ್ ಅದಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಓಜೋನ್ ಬಿಡುವ ಯಂತ್ರವನ್ನು ಯಾರು ಹೇಳಿದರೂ ತರಬೇಡಿ. ಓಜೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ಕೆಲವು ಆವಿಗಳೊಡನೆ ಬೆರೆತು ಹೊಸ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ.

ಹದಿನೈದು ದಿನದ ಮೇಲೂ ಉಗುರಿನ ಗೆರೆ ಮೂಡುತ್ತಿದ್ದರೆ ಮೇಲಿನ ಪೊರೆಯನ್ನಷ್ಟೇ ಉಜ್ಜಿಸಿ ತೆಗೆದು, ಒಂದು ವಾರ ಬರಿಮರವನ್ನು ಗಾಳಿಗೆ ಬಿಟ್ಟು, ನೀರಿನ ಪಿಯು ತೆಳುವಾಗಿ ಎರಡು ಕೋಟ್ ಹೊಡೆಸಿ. ಹಲಗೆಗೆ ಕೈ ಹಚ್ಚಬೇಕಾಗಿಲ್ಲ. ಫಾಯಿಲ್ ಪರೀಕ್ಷೆಯಲ್ಲಿ ಏನು ಕಂಡಿತೆಂದು ಬರೆಯಿರಿ, ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.